ಒಂದು, ಮೂರು, ನಾಲ್ಕು, ಎರಡು

ನೀವು ಯಾವತ್ತಾದರೂ ನಮ್ಮ ಮನೆಗೆ ಬಂದರೆ ದಯವಿಟ್ಟು ಸೋಫಾದ ಮೇಲೆ ಎರಡನೆಯವರಾಗಿ ಕೂರಬೇಡಿ. ಕೂತರೆ ಕಾಫಿ ನಿಮಗೆ ಕೊನೆಗೆ ಬರುತ್ತದೆ. ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ, ನನ್ನ ಕೈಗೆ ಅಂಥದೊಂದು ಚಾಳಿ ಬಿದ್ದಿದೆ. ನಾಲ್ಕು ಜನ ಸಾಲಾಗಿ ಕೂತಿದ್ದರೆ ತಟ್ಟೆ ಹಿಡಿದು ಹೊರಟ ನಾನು ಮೊದಲನೆಯವರಿಗೆ ಕೊಟ್ಟು, ಎರಡನೆಯವರು ಚಾಚಿದ ಕೈಯನ್ನು ದಾಟಿ ಮೂರನೆಯವರಿಗೆ ಕೊಟ್ಟು, ನಾಲ್ಕನೆಯವರಿಗೂ ಕೊಟ್ಟು, ಆಮೇಲೆ ಹಿಂದಕ್ಕೆ ಬರುತ್ತೇನೆ. ನಮ್ಮ ಬೀಗರ ಕಡೆಯ ಹಿರಿಯರೊಬ್ಬರು ಹೀಗೆ ಮೂರು ಸಲ ಎರಡನೆಯವರಾಗಿ ಕೂತು, ಮೂರು ಸಲವೂ ಆರಿದ ಕಾಫಿ ಕುಡಿದು, ಕೊನೆಗೆ ತಡೆಯಲಾರದೆ, "ನನ್ನಿಂದ ಏನಾದ್ರೂ ತಪ್ಪಾಗಿದ್ಯೇನಮ್ಮ?" ಎಂದು ಕೇಳಿಯೇಬಿಟ್ಟರು. "ಇಲ್ಲ ಸಾರ್, ನೀವು ಎರಡನೇ ಸಿಲಿಂಡರಿನ ಜಾಗದಲ್ಲಿ ಕೂತಿದೀರಿ, ಅಷ್ಟೆ" ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿ ನಮ್ಮ ಬೀಗಿತಿಯ ಮುಖವನ್ನು ಒಮ್ಮೆ ನೋಡಿದರು. ಈಗ ಬಂದರೆ ಅವರು ಒಂಟಿ ಕುರ್ಚಿಯನ್ನೇ ಹುಡುಕುತ್ತಾರೆ.

ಈ ಚಾಳಿಯ ಮೂಲ ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಗುಂಡಿ, ಹುಕ್ಕು, ದಾರದುಂಡೆಗಳ ನಡುವೆ ಹೆಬ್ಬೆರಳಿನ ಗಾತ್ರದ ಒಂದು ಸ್ಪಾರ್ಕ್ ಪ್ಲಗ್. ಮೇಲೆ ಬಿಳಿ ಪಿಂಗಾಣಿ, ಕೆಳಗೆ ಕಬ್ಬಿಣದ ತಿರುಪು, ತುದಿಯಲ್ಲಿ ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗೆ ನಿಂತ ಎರಡು ಮೊನೆ. ಆ ಸಂದಿನಲ್ಲಿ ಹಾರುವ ಕಿಡಿಯಿಂದಲೇ ಕಾರು ಓಡುವುದು. ಪಿಂಗಾಣಿಯ ಬಿರುಕಿನಲ್ಲಿ ಇನ್ನೂ ಒಂಚೂರು ಕುಂಕುಮವಿದೆ. ಮೊನ್ನೆ ರವಿಕೆಗೆ ಹುಕ್ಕು ಹುಡುಕಲು ಹೋಗಿ ಇದು ಕೈಗೆ ಸಿಕ್ಕಿತು. ಹುಕ್ಕು ಸಿಗಲಿಲ್ಲ. ರವಿಕೆ ಈ ಹೊತ್ತಿಗೂ ಪಿನ್ನಿನ ಮೇಲೆಯೇ ನಿಂತಿದೆ, ನಾನು ಮಾತ್ರ ಪ್ಲಗ್ಗನ್ನು ಸೆರಗಿನಲ್ಲಿ ಒರೆಸುತ್ತ ಕೂತುಬಿಟ್ಟೆ.

ಅರವತ್ತರ ದಶಕ ಆಗ ತಾನೇ ಕಾಲಿಟ್ಟಿತ್ತು. ಜಯನಗರದಲ್ಲಿ ಮನೆಗಳಿಗಿಂತ ಸೈಟುಗಳ ಮೂಲೆಗಲ್ಲುಗಳೇ ಜಾಸ್ತಿ. ನಮ್ಮ ರಸ್ತೆಯಲ್ಲಿ ನಾಲ್ಕು ಮನೆ, ಎರಡು ಅರ್ಧ ಮನೆ, ಉಳಿದದ್ದೆಲ್ಲ ಎಕ್ಕದ ಗಿಡ. ಬೈರಸಂದ್ರದ ಎಮ್ಮೆಗಳು ನಮ್ಮ ರಸ್ತೆಯನ್ನು ತಮಗಾಗಿಯೇ ಹಾಕಿಸಿದ್ದೆಂದು ತಿಳಿದಿದ್ದವು. ದಾವಣಗೆರೆ ಕಡೆಯಿಂದ ಬಂದು ಅಲ್ಲಿ ಮನೆ ಕಟ್ಟಿದ ನಾವು ನಾಲ್ಕೇ ಜನ: ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಅಪ್ಪ, ಅಮ್ಮ, ಮತ್ತು ಹದಿನೆಂಟು ವರ್ಷದ ನಾನು, ಗಂಗಾ. ದೆಹಲಿಗೆ ವರ್ಗವಾಗಿ ಹೋದ ಸೋದರಮಾವ ತನ್ನ ಹಳೆಯ ಇಂಗ್ಲಿಷ್ ಕಾರನ್ನು ನಮ್ಮ ಕಾಂಪೌಂಡಿನಲ್ಲಿ ಬಿಟ್ಟುಹೋಗಿದ್ದ. ಉದ್ದ ಮೂತಿಯ, ಗುಂಡು ಬೆನ್ನಿನ, ಕಪ್ಪು ಬಣ್ಣದ ಆ ಕಾರಿಗೆ ಅಜ್ಜಿ ನೋಡಿದ ಕೂಡಲೇ ಕರಿಯವ್ವ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಅದನ್ನು ವಾಪಸ್ಸು ಕಳಿಸುವ ಮಾತೇ ಇರಲಿಲ್ಲ.

ನಮ್ಮಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಸರ್ಕಾರಿ ಕಚೇರಿಯೊಂದರಲ್ಲಿ ನೌಕರರ ಜ್ಯೇಷ್ಠತಾ ಪಟ್ಟಿ ತಯಾರಿಸುವುದು ಅವರ ಕೆಲಸ. ಯಾರು ಯಾರಿಗಿಂತ ಮೊದಲು ಕೆಲಸಕ್ಕೆ ಸೇರಿದರು, ಯಾರು ಯಾರಿಗಿಂತ ಮೊದಲು ಹುಟ್ಟಿದರು ಎಂದು ಲೆಕ್ಕ ಹಾಕಿ ಬೆಳಗಿನಿಂದ ಸಂಜೆಯವರೆಗೆ ಜನರನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ನಮ್ಮಲ್ಲಿ ಅಜ್ಜಿ ಒಂದು, ಅಪ್ಪ ಎರಡು, ಅಮ್ಮ ಮೂರು, ನಾನು ನಾಲ್ಕು. ಸ್ನಾನ, ಊಟ, ಹಲಸಿನ ತೊಳೆ, ಎಲ್ಲವೂ ಆ ಸಾಲಿನಲ್ಲೇ. ಬೆಳಗ್ಗೆ ಪೇಪರ್ ಮೊದಲು ಅಜ್ಜಿಯ ಕೈಗೆ ಹೋಗಬೇಕು. ಅಜ್ಜಿಗೆ ಓದಲು ಬಾರದು. ಅವರು ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರಗಳನ್ನು ನೋಡಿ, "ಹ್ಞೂಂ, ಆಯ್ತು" ಎಂದು ದಾಟಿಸುವವರೆಗೆ ಅಪ್ಪ ಕಚ್ಚೆ ಸರಿಪಡಿಸಿಕೊಳ್ಳುತ್ತ ನಿಂತಿರುತ್ತಿದ್ದರು. ಅಪ್ಪನನ್ನು ಹುಚ್ಚರೆಂದು ತಿಳಿಯಬೇಡಿ. ಅವರ ಕಚೇರಿಯ ಪಟ್ಟಿಯಲ್ಲಿ ಅವರದೇ ಹೆಸರು ಎರಡನೆಯದಾಗಿತ್ತು, ಮೇಲಿನ ಹುದ್ದೆ ಖಾಲಿಯಾದಾಗ ಎರಡು ಸಲವೂ ಮೂರನೆಯವರಿಗೆ ಹೋಗಿತ್ತು. ಹೊರಗೆ ನಡೆಯದ ನ್ಯಾಯ ಮನೆಯಲ್ಲಾದರೂ ನಡೆಯಲಿ ಎಂದು ಪಾಪ ಅವರಿಗೆ.

ಇಂಥ ಮನೆಯಲ್ಲಿ ನನಗೆ ಕಾರು ಓಡಿಸುವ ಆಸೆ ಹುಟ್ಟಿತು. ಆಸೆ ಎನ್ನುವುದು ಸಣ್ಣ ಮಾತು. ಊಟದ ತಟ್ಟೆಯನ್ನು ಸ್ಟಿಯರಿಂಗ್ ಮಾಡಿಕೊಂಡು ತಿರುಗಿಸುತ್ತಿದ್ದೆ, ಸಾರು ಚೆಲ್ಲುತ್ತಿತ್ತು. ಒಂದು ಭಾನುವಾರ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅಪ್ಪ, ನಂಗೆ ಡ್ರೈವಿಂಗ್ ಕಲಿಸ್ತೀರಾ?"

ಅಪ್ಪ ಕನ್ನಡಕ ತೆಗೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಕಲಿಸ್ಬಾರ್ದು ಅಂತ ರೂಲ್ ಏನಿಲ್ಲ. ಆದ್ರೆ ಲಿಸ್ಟ್ ಪ್ರಕಾರ ಹೋಗ್ಬೇಕು. ಅವ್ವಂಗೆ ವಯಸ್ಸಾಯ್ತು, ವಿನಾಯಿತಿ. ನಂಗೆ ಬರುತ್ತೆ. ಮುಂದಿನ ಸರದಿ ನಿಮ್ಮಮ್ಮಂದು."

"ಅಮ್ಮಂಗೆ ಯಾಕಪ್ಪ ಕಾರು?"

"ಬೇಡಾಂದ್ರೆ ಬೇಡ ಅಂತ ಬರ್ದುಕೊಡ್ಲಿ. ನಿಂಗೆ ಕಲಿಸ್ತೀನಿ."

ಅವತ್ತೇ ಒಂದು ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು: 'ವಾಹನ ಚಾಲನೆಯನ್ನು ಕಲಿಯಲು ನನಗೆ ಇಚ್ಛೆ ಇರುವುದಿಲ್ಲವಾದ್ದರಿಂದ, ನನ್ನ ಸರದಿಯನ್ನು ಮಗಳಾದ ಗಂಗಾಳಿಗೆ ಬಿಟ್ಟುಕೊಡಲು ನನ್ನ ಆಕ್ಷೇಪಣೆ ಏನೂ ಇರುವುದಿಲ್ಲ.' ಕೆಳಗೆ ಸಹಿಗೆ ಗೆರೆ. ಅಮ್ಮ ಒಗ್ಗರಣೆ ಹಾಕುತ್ತಿದ್ದರು. ಹಾಳೆಯನ್ನು ಓದಿ, "ಇಡಿ, ನೋಡೋಣ" ಎಂದು ಸಕ್ಕರೆ ಡಬ್ಬಿಯ ಕೆಳಗಿಟ್ಟರು.

ಅಲ್ಲೇ ಇತ್ತು ಅದು. ಒಂದು ವಾರ, ಎರಡು ವಾರ, ಒಂದು ತಿಂಗಳು. ನಾನು ದಿನಾ ಪೆನ್ನಿಗೆ ಇಂಕು ತುಂಬಿ ಅಡುಗೆಮನೆಗೆ ಹೋಗುತ್ತಿದ್ದೆ. "ಕೈ ಹಿಟ್ಟಾಗಿದೆ ಕಣೇ, ಆಮೇಲೆ" ಎನ್ನುತ್ತಿದ್ದರು. ಕೈಯಲ್ಲಿ ಹಿಟ್ಟಿಲ್ಲದ ಹೊತ್ತು ನೋಡಿ ಹೋದರೆ ಹಿಟ್ಟಿನ ಡಬ್ಬಿಗೆ ಕೈ ಹಾಕುತ್ತಿದ್ದರು. ಒಂದು ಸಹಿ ಹಾಕಿದರೆ ಅಮ್ಮನ ಗಂಟೇನು ಹೋಗುತ್ತದೆ ಎಂದು ನನಗೆ ಉರಿಯುತ್ತಿತ್ತು. ಇತ್ತ ಅಪ್ಪ ಇನ್ನೊಂದು ಗಡುವು ಹಾಕಿದರು. ಏನೇ ಹೊಸದಾಗಿ ಕಲಿಯುವುದಿದ್ದರೂ ವಿಜಯದಶಮಿಯ ದಿನವೇ ಶುರುವಾಗಬೇಕು, ಬೆಳಗ್ಗೆ ಹನ್ನೊಂದಕ್ಕೆ ಮುಹೂರ್ತ. ಅದು ತಪ್ಪಿದರೆ ಬರುವ ವರ್ಷದ ವಿಜಯದಶಮಿ. ಹದಿನೆಂಟು ವರ್ಷದವಳಿಗೆ ಒಂದು ವರ್ಷ ಅಂದರೆ ಎಷ್ಟು ಉದ್ದ ಎಂದು ನಿಮಗೇ ಗೊತ್ತು.

ಸಹಿ ಬರುವವರೆಗೆ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಓಡಿಸಲು ಕೊಡದಿದ್ದರೇನು, ಹೇಗೆ ಓಡುತ್ತದೆ ಎಂದು ಕಲಿಯಬಾರದೇ? ಆಗ ತಿಲಕ್ ನಗರದ ಕಡೆ ಹುಣಸೆಮರವೊಂದರ ಕೆಳಗೆ ಬಾಷಾ ಸಾಬರ ಗ್ಯಾರೇಜ್ ಇತ್ತು. ಕರಿಯವ್ವನ ಕೆಮ್ಮು ನೆಗಡಿಗೆಲ್ಲ ಅವರೇ ಡಾಕ್ಟರು. ಕಾಲೇಜು ಮುಗಿಸಿ ಬರುವಾಗ ಅಲ್ಲಿ ನಿಂತುಬಿಡುತ್ತಿದ್ದೆ.

"ನೋಡು ಗಂಗಮ್ಮ," ಎನ್ನುತ್ತಿದ್ದರು ಸಾಬರು, "ಗಾಡಿ ಪೆಟ್ರೋಲಲ್ಲಿ ಓಡ್ತೈತೆ ಅಂತಾರೆ. ಪೆಟ್ರೋಲು ಬರೀ ಸೌದೆ. ಬೆಂಕಿಕಡ್ಡಿ ಗೀರೋರು ಯಾರು? ಅದು ಹೇಳು."

ಬೆಂಕಿಕಡ್ಡಿಯ ಕಥೆ ಹೀಗೆ. ಬ್ಯಾಟರಿಯಲ್ಲಿರುವುದು ಬರೀ ಹನ್ನೆರಡು ವೋಲ್ಟು, ಅದು ಯಾವ ಸಂದನ್ನೂ ಹಾರಲಾರದು. ಅದನ್ನು ಕಾಯಿಲ್ ಎಂಬ ಡಬ್ಬಿಗೆ ಕಳಿಸುತ್ತಾರೆ. ಅದರೊಳಗೆ ದಪ್ಪ ತಂತಿಯ ಕೆಲವು ಸುತ್ತು, ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಕರೆಂಟಿನ ದಾರಿಯಲ್ಲಿ ಪಾಯಿಂಟ್ ಎಂಬ ಎರಡು ಪುಟ್ಟ ತುಟಿಗಳು ಕೂಡುತ್ತ ಬಿಡುತ್ತ ಇರುತ್ತವೆ.

"ಕೂಡ್ದಾಗ ಕಿಡಿ ಬರುತ್ತೆ ಅಲ್ವಾ ಸಾಬ್?" ಎಂದೆ, ಬುದ್ಧಿವಂತಳ ಹಾಗೆ.

"ಅಲ್ಲೇ ಎಲ್ಲಾರೂ ಎಡವೋದು! ಕೂಡ್ದಾಗ ಸುಮ್ಕೆ ಹರೀತಿರ್ತೈತೆ. ಬಿಟ್ಟಾಗ ನೋಡು, ಫಟ್ ಅಂತ ಸಾವಿರಗಟ್ಲೆ ವೋಲ್ಟು ಎದ್ದು ನಿಂತ್ಕೊತೈತೆ."

ಇದು ನನಗೆ ತಟ್ಟನೆ ಅರ್ಥವಾಯಿತು. ನಮ್ಮಜ್ಜಿಯೂ ಹಾಗೇ. ಬೆಳಗಿನಿಂದ ಗೊಣಗುತ್ತಿರುವಷ್ಟು ಹೊತ್ತು ಯಾರಿಗೂ ಅಪಾಯವಿಲ್ಲ. ಗೊಣಗು ಥಟ್ಟನೆ ನಿಂತಿತು ಅನ್ನಿ, ಆ ಕ್ಷಣ ಮನೆಯಲ್ಲಿ ಯಾರಿಗೋ ಕಾದಿದೆ ಎಂದೇ ಲೆಕ್ಕ. ಸಾಬರಿಗೆ ಇದನ್ನು ಹೇಳಿದೆ. ಅವರು ನಕ್ಕು, ಕೈಯಲ್ಲಿದ್ದ ಸ್ಪ್ಯಾನರ್ ಕಾಲಮೇಲೆ ಬೀಳಿಸಿಕೊಂಡರು.

ಎದ್ದು ನಿಂತ ಆ ಕರೆಂಟನ್ನು ನಾಲ್ಕು ಸಿಲಿಂಡರುಗಳ ನಾಲ್ಕು ಪ್ಲಗ್ಗಿಗೆ ಹಂಚುವುದು ಡಿಸ್ಟ್ರಿಬ್ಯೂಟರ್. ಬೋರಲು ಹಾಕಿದ ಕಂದು ಬಟ್ಟಲಿನ ಹಾಗಿರುತ್ತದೆ. ಸುತ್ತ ನಾಲ್ಕು ತೂತು, ಒಂದೊಂದರಿಂದ ಒಂದೊಂದು ದಪ್ಪ ವೈರು ಹೊರಟು ಒಂದೊಂದು ಪ್ಲಗ್ಗಿನ ತಲೆಗೆ ಸಿಕ್ಕಿಕೊಂಡಿರುತ್ತದೆ. ಒಳಗೆ ರೋಟರ್ ಗಿರಗಿರ ತಿರುಗುತ್ತ ಒಬ್ಬೊಬ್ಬರಿಗೇ ಬಡಿಸುತ್ತ ಹೋಗುತ್ತದೆ. ಸಾವಿರಾರು ವೋಲ್ಟು ನಿಜವೇ ಎಂಬ ನನ್ನ ಅನುಮಾನಕ್ಕೆ ಸಾಬರು ಉತ್ತರ ಕೊಡುವ ಮೊದಲೇ ನಾನು ಒಂದು ವೈರಿನ ತುದಿ ಹಿಡಿದಿದ್ದೆ. ಯಾರೋ ಗಾಡಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಎಂಜಿನ್ ತಿರುಗಿಸಿದರು. ನನ್ನ ಎರಡು ಜಡೆಗಳೂ, ಬಾಟನಿ ಪುಸ್ತಕವೂ, ಎಡಗಾಲಿನ ಚಪ್ಪಲಿಯೂ ಮೂರು ದಿಕ್ಕಿಗೆ ಹೋದವು. ನಿಜ ಎಂದು ಗೊತ್ತಾಯಿತು. ಮನೆಯವರೆಗೂ ಮೊಳಕೈ ಹಿಡಿದುಕೊಂಡು ನಗುತ್ತಲೇ ಬಂದೆ.

ಆಯುಧಪೂಜೆ ಬಂತು. ಕರಿಯವ್ವನಿಗೆ ಅಭ್ಯಂಜನ. ಮೈ ತೊಳೆಯುವುದು ಎಲ್ಲರೂ ಮಾಡುವ ಕೆಲಸ, ನನ್ನ ಭಕ್ತಿ ಎಂಜಿನ್ನಿನವರೆಗೂ ಹೋಗಬೇಕಿತ್ತು. ನಾಲ್ಕು ಪ್ಲಗ್ಗನ್ನೂ ಬಿಚ್ಚಿ, ಮಸಿ ಉಜ್ಜಿ, ಪಿಂಗಾಣಿಗೆ ಒಂದೊಂದು ಕುಂಕುಮದ ಬೊಟ್ಟಿಟ್ಟೆ. ನಾಲ್ಕು ವೈರುಗಳನ್ನೂ ಎರಡೂ ತುದಿಯಿಂದ ಕಿತ್ತು, ಒರೆಸಿ, ಮಣೆಯ ಮೇಲೆ ಸಾಲಾಗಿ ಮಲಗಿಸಿ ವಿಭೂತಿ ಹಚ್ಚಿದೆ. ಎಂಜಿನ್ನಿನ ಪಕ್ಕೆಯಲ್ಲಿ ಜಿಡ್ಡು ಕೆರೆದ ಕಡೆ ಅಂಗೈಯಗಲ ಜಾಗ ಸಿಕ್ಕಿತು, ಅಲ್ಲಿಗೂ ಮೂರು ಬೆರಳಿನಿಂದ ವಿಭೂತಿ ಎಳೆದೆ. ಶಿವಭಕ್ತರ ಮನೆಯ ಎಂಜಿನ್ನು ಬರಿಹಣೆಯಲ್ಲಿ ಇರಬಾರದಲ್ಲ. ಪ್ಲಗ್ಗುಗಳನ್ನು ವಾಪಸ್ಸು ಕೂರಿಸಿದೆ. ವೈರು ಸಿಕ್ಕಿಸಲು ಹೋದವಳು ನಿಂತೆ.

"ಅಪ್ಪ, ಯಾವ ತೂತಿಂದು ಯಾವ ಪ್ಲಗ್ಗಿಗೆ ಬರ್ತಿತ್ತು?"

ಅಪ್ಪ ಬಾಗಿ ನೋಡಿದರು. ಒಂದು ತೂತಿನ ಪಕ್ಕ ಸಾಬರು ಬಳಿದಿದ್ದ ಕೆಂಪು ಬಣ್ಣದ ಚುಕ್ಕೆಯಿತ್ತು. "ಇದು ಒಂದು. ಇದರಲ್ಲಿ ಯೋಚ್ನೆ ಮಾಡೋಕೆ ಏನಿದೆ? ಒಂದನೇದು ಒಂದನೇ ಪ್ಲಗ್ಗಿಗೆ, ಪಕ್ಕದ್ದು ಎರಡನೇದಕ್ಕೆ, ಅದರ ಪಕ್ಕದ್ದು ಮೂರನೇದಕ್ಕೆ, ಕೊನೇದು ನಾಲ್ಕನೇದಕ್ಕೆ."

ಎಷ್ಟು ಸಹಜವಾಗಿ ಕಂಡಿತೆಂದರೆ ನಾನು ಕಣ್ಣು ಮುಚ್ಚಿ ಸಿಕ್ಕಿಸಿದೆ. ಆ ಮನೆಯಲ್ಲಿ ಹದಿನೆಂಟು ವರ್ಷ ಬೆಳೆದವಳಿಗೆ ಬೇರೆ ಸಾಲೊಂದು ಇರಬಹುದೆಂದು ಹೊಳೆಯುವುದಾದರೂ ಹೇಗೆ?

ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರುಗಳೆಲ್ಲ ದೇವರ ಮುಂದೆ ಹೂವು ಹೊದ್ದು ಕೂತವು. ಒಮ್ಮೆ ಪೂಜೆಗೆ ಕೂತ ಮೇಲೆ ಮಾರನೆಯ ದಿನ ಸಂಜೆಯ ಮಂಗಳಾರತಿಯವರೆಗೆ ಅವನ್ನು ಮುಟ್ಟುವ ಹಾಗಿಲ್ಲ. ಬೂದುಗುಂಬಳ ಒಡೆದಾಯಿತು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಅವನ್ನು ಅಪ್ಪಚ್ಚಿ ಮಾಡಿಕೊಂಡು ಕಾರು ಒಂದು ಸುತ್ತು ಹೋಗಿಬರಬೇಕು. ಅಪ್ಪ ಸ್ಟಿಯರಿಂಗಿಗೆ, ಪಕ್ಕದ ಸೀಟಿನಲ್ಲಿ ಒಂದನೇ ನಂಬರಿನ ಅಜ್ಜಿ, ಹಿಂದೆ ಅಮ್ಮ ಮತ್ತು ನಾನು. ಅಪ್ಪ ಚೋಕ್ ಎಳೆದು, ಶಿವನನ್ನು ನೆನೆದು, ಸ್ಟಾರ್ಟರ್ ಎಳೆದರು.

ಗರ್ ಗರ್ ಗರ್. ಢಂ!

ಹಿಂದಿನ ಕೊಳವೆಯಿಂದ ಹೊರಟ ಆ ಸದ್ದಿಗೆ ಎಕ್ಕದ ಗಿಡಗಳಲ್ಲಿದ್ದ ಹಕ್ಕಿಗಳೆಲ್ಲ ಎದ್ದವು. ಎಮ್ಮೆಗಳು ಜೀವಮಾನದಲ್ಲಿ ಮೊದಲ ಸಲ ಓಡಿದವು. ಎದುರುಮನೆಯ ರಾಯರು ಮುಖದ ತುಂಬ ಶೇವಿಂಗ್ ಸೋಪಿನೊಂದಿಗೆ ಹೊರಗೆ ಬಂದು, "ಏನ್ ಸಾರ್, ದೀಪಾವಳಿ ಈಗ್ಲೇ ಶುರು ಮಾಡಿದ್ರಾ?" ಎಂದರು. ಅಪ್ಪ ಇನ್ನೊಮ್ಮೆ ಎಳೆದರು. ಈ ಸಲ ಮುಂದಿನಿಂದ 'ಫುಸ್' ಎಂದು ಸೀನಿ, ಕರಿಯವ್ವ ಬಾನೆಟ್ಟಿನ ಮೇಲಿದ್ದ ಚೆಂಡುಹೂವಿನ ಹಾರವನ್ನು ಕೆಳಕ್ಕೆ ಕೆಡವಿದಳು. ಮತ್ತೆ ಢಂ. ಮತ್ತೆ ಫುಸ್. ಏಳೆಂಟು ಸಲ ಹೀಗಾಗುವಷ್ಟರಲ್ಲಿ ಬ್ಯಾಟರಿ ನಿತ್ರಾಣವಾಗಿ ನರಳತೊಡಗಿತು. ಅಜ್ಜಿ ಕಿವಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದರು. ನಾನು ಮಾತ್ರ ಅಳುತ್ತಿದ್ದೆ, ಯಾಕೆಂದರೆ ಅಪ್ಪ ಕೆಳಗಿಳಿದು ಗಾಯವಿಲ್ಲದೆ ಕೂತಿದ್ದ ನಾಲ್ಕು ನಿಂಬೆಹಣ್ಣುಗಳನ್ನು ನೋಡಿ ಹೇಳಿದ್ದರು: "ಔಜಾರು ಮುಟ್ಟಂಗಿಲ್ಲ. ನಾಳೆ ಹನ್ನೊಂದರೊಳಗೆ ಇದು ಹೊರಡ್ದಿದ್ರೆ ಪಾಠ ಬರೋ ವರ್ಷಕ್ಕೆ."

ಮಾರನೆಯ ಬೆಳಗ್ಗೆ ತಲೆ ಬಾಚದೆ ತಿಲಕ್ ನಗರಕ್ಕೆ ಓಡಿದೆ. ಸಾಬರ ಗ್ಯಾರೇಜಿಗೂ ಮಾವಿನ ತೋರಣ. ಅವರ ಕೆಲಸದವರ ಹಬ್ಬ ಅವರದೂ ಹಬ್ಬ. ಅಲ್ಲಿಯ ಔಜಾರುಗಳೂ ಹೂವು ಹೊದ್ದು ಮಲಗಿದ್ದವು.

"ನಾನು ಬಂದ್ರೂ ಬರಿಗೈ ಅಮ್ಮ," ಎಂದರು ಸಾಬರು. "ಏನಾಯ್ತು ಹೇಳು. ಸುಮ್ಕೆ ಐತಾ, ಇಲ್ಲಾ ಪಟಾಕಿ ಹೊಡೀತಾ?"

"ಪಟಾಕಿ ಸಾಬ್! ಹಿಂದೆ ಢಂ, ಮುಂದೆ ಫುಸ್!"

ಸಾಬರ ಮುಖ ಅರಳಿತು. "ಅಂಗಾದ್ರೆ ಕಿಡಿ ಐತೆ, ಸೌದೆ ಐತೆ. ಹೊತ್ತು ತಪ್ಪಿ ಬಡಿಸ್ತಾ ಐತೆ, ಅಷ್ಟೇಯ. ವೈರು ಬಿಚ್ಚಿದ್ಯಾ?"

ಬಿಚ್ಚಿದ್ದೆ ಎಂದೆ. ನಾಲ್ಕೂ ಒಟ್ಟಿಗೆ ಎಂದೆ. ವಿಭೂತಿ ಹಚ್ಚಿದ್ದನ್ನೂ ಹೇಳಿದೆ. ಅವರು ಹಣೆ ಹಣೆ ಚಚ್ಚಿಕೊಂಡು ನಕ್ಕರು. "ಔಜಾರು ಬ್ಯಾಡ. ಕೈ ಸಾಕು. ರೋಟರು ಸುತ್ತೋ ದಿಕ್ಕಲ್ಲೇ ಹೋಗ್ಬೇಕು, ಆದ್ರೆ ಯಾರಾದ್ಮೇಲೆ ಯಾರಿಗೆ ಅನ್ನೋದು ಎಂಜಿನ್ನಿನ ಮೈಮ್ಯಾಲೇ ಬರ್ದೈತೆ. ಹೋಗಿ ಓದ್ಕೊ."

ಓಡಿ ಬಂದೆ. ಬಾನೆಟ್ ಎತ್ತಿದೆ. ಎಂಜಿನ್ನಿನ ಮೈಮೇಲೆ ಎಲ್ಲಿ ಹುಡುಕುವುದು? ಹುಡುಕಬೇಕಾಗಲಿಲ್ಲ. ನಾನೇ ವಿಭೂತಿ ಎಳೆದಿದ್ದ ಜಾಗದಲ್ಲಿ, ಕಬ್ಬಿಣದಲ್ಲೇ ಉಬ್ಬಿಸಿ ಎರಕಹೊಯ್ದ ನಾಲ್ಕು ಅಂಕಿಗಳ ಅಂಚಿಗೆಲ್ಲ ಬೂದಿ ಕೂತು, ಅವು ಕಪ್ಪುಹಲಗೆಯ ಮೇಲೆ ಬರೆದಷ್ಟು ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದವು: ೧, ೩, ೪, ೨. ಆದರೆ ಇಂಗ್ಲಿಷ್ ಅಂಕಿಗಳಲ್ಲಿ.

"ಅಪ್ಪ! ಒಂದು, ಮೂರು, ನಾಲ್ಕು, ಎರಡು!"

ಅಪ್ಪ ಬಂದು ನೋಡಿ, "ಅದು ಎಂಜಿನ್ ನಂಬರಮ್ಮ. ಸಾವಿರದ ಮುನ್ನೂರ ನಲವತ್ತೆರಡು" ಎಂದರು. ಸಾಬರ ಮಾತು ಹೇಳಿದೆ. ಅಪ್ಪನ ಮುಖ ಗಂಟಿಕ್ಕಿತು. "ಎರಡನೆಯವನು ಕೊನೇಗಾ? ಮೂರು, ನಾಲ್ಕು ಅವನ ತಲೆ ಮೇಲೆ ಹಾರಿಕೊಂಡು ಹೋಗ್ತಾರಾ? ಯಾವ ನ್ಯಾಯ ಇದು?" ಅವರ ದನಿಯಲ್ಲಿ ಇದ್ದದ್ದು ಕಾರಿನ ಸಂಗತಿಯಲ್ಲ ಎಂದು ನನಗೂ ಗೊತ್ತಾಯಿತು.

ಉತ್ತರ ಕೊಟ್ಟದ್ದು ಅಜ್ಜಿ. ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಹೋಗಿ ಕೂತುಬಿಟ್ಟಿದ್ದರು, ಕಾರು ಹೊರಡುವುದೋ ಬಿಡುವುದೋ ತಮ್ಮ ಜಾಗ ಹೋಗಬಾರದೆಂದು. ಕಿಟಕಿಯಿಂದ ತಲೆ ಹಾಕಿ ಹೇಳಿದರು:

"ನ್ಯಾಯ ಐತೆ ಕಣೋ. ನಾವು ನಾಕು ಜನ ಹೆಂಗಸ್ರು ಸಾಲಾಗಿ ನಿಂತು ಒನಕೇಲಿ ಕುಟ್ತಿದ್ವಿ. ಪಕ್ಕದೋಳು ಕುಟ್ಟಿದ ಕೂಡ್ಲೇ ನಾನೂ ಎತ್ತಿದ್ರೆ ಮೊಳಕೈಗೆ ಮೊಳಕೈ ತಾಕ್ತಿತ್ತು. ಈ ಕಡೆಯೋಳೊಬ್ಳು, ಆ ಕಡೆಯೋಳೊಬ್ಳು, ಹಿಂಗೆ ಕುಟ್ಟಿದ್ರೇನೇ ಲಯ. ಅದ್ರಾಗೆ ಹಿರೇಳು ಯಾರು, ಕಿರೇಳು ಯಾರು? ಕೊನೇಗೆ ಕುಟ್ಟಿದೋಳ ಒನಕೆ ಏನು ಸಣ್ಣದಾ?"

ಎಂಜಿನ್ನಿಗೂ ಕಾರಣ ಅದೇ ಎಂದು ಸಾಬರು ಆಮೇಲೆ ಹೇಳಿದರು. ಪಕ್ಕಪಕ್ಕದವು ಒಂದರ ಹಿಂದೊಂದು ಸಿಡಿಯುತ್ತ ಹೋದರೆ ಒಳಗಿನ ದಂಡಕ್ಕೆ ಒಂದೇ ಕಡೆ ಪೆಟ್ಟು ಬಿದ್ದು ಎಂಜಿನ್ನು ನಡುಗುತ್ತದಂತೆ. ಆಗ ನನಗೆ ಇದ್ಯಾವುದೂ ಬೇಕಿರಲಿಲ್ಲ, ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಅಪ್ಪ ಮೀಸೆ ಸವರಿಕೊಂಡು, "ಏನಾದ್ರೂ ಮಾಡ್ಕೊ" ಎಂದದ್ದೇ ತಡ, ಕೈ ಹಾಕಿದೆ. ಒಂದನೆಯದು ಇದ್ದಲ್ಲೇ. ಪಕ್ಕದ ತೂತಿನದು ಮೂರಕ್ಕೆ, ಅದರಾಚೆಯದು ನಾಲ್ಕಕ್ಕೆ, ಕೊನೆಯದು ಎರಡಕ್ಕೆ. ಬ್ಯಾಟರಿಗೆ ಸ್ಟಾರ್ಟರ್ ತಿರುಗಿಸುವ ಶಕ್ತಿ ಇರಲಿಲ್ಲ, ಕಿಡಿಗಾಗುವಷ್ಟು ಮಾತ್ರ ಉಳಿದಿತ್ತು. ಡಿಕ್ಕಿಯಲ್ಲಿದ್ದ ಹ್ಯಾಂಡಲನ್ನು ಮುಟ್ಟಬಹುದೇ ಎಂದು ಅಪ್ಪ ಅನುಮಾನಿಸಿದರು. "ಅದು ಔಜಾರಲ್ಲ, ಕರಿಯವ್ವನ ಬಾಲ" ಎಂದು ಅಜ್ಜಿ ತೀರ್ಪು ಕೊಟ್ಟರು. ಅಪ್ಪ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ, ಕಾಲೂರಿ, ಒಂದೇ ಒಂದು ಸಲ ಎಳೆದರು.

ಡುಗುಡುಗುಡುಗುಡುಗು! ಅಯ್ಯೋ, ಅದೇನು ಸದ್ದು! ಈಗ ನೆನೆದರೂ ಮೈ ಜುಂ ಎನ್ನುತ್ತದೆ. ನಾನು ಕುಣಿದೆ. ರಾಯರು ತಮ್ಮ ಗೇಟಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅಪ್ಪ ಹಾರಿ ಕೂತು ನಿಂಬೆಹಣ್ಣುಗಳ ಮೇಲೆ ಕಾರನ್ನು ಹಾಯಿಸಿ, ರಸ್ತೆಗೆ ತಂದು ನಿಲ್ಲಿಸಿ, ಗಡಿಯಾರ ನೋಡಿದರು. ಹನ್ನೊಂದಕ್ಕೆ ಐದು ನಿಮಿಷ.

"ಸರದಿ ಶಾಂತಾಂದು," ಎಂದರು ಅಮ್ಮನ ಕಡೆ ತಿರುಗಿ. "ಎಲ್ಲಿ, ಆ ಪತ್ರ ಕೊಟ್ಬಿಡು."

ನಾನು ಅಡುಗೆಮನೆಗೆ ಓಡಿ ಪತ್ರವನ್ನೂ ಪೆನ್ನನ್ನೂ ತಂದು ಅಮ್ಮನ ಕೈಗಿಟ್ಟೆ. ಅಮ್ಮ ಪತ್ರ ನೋಡಿದರು, ಕಾರು ನೋಡಿದರು. ಅಷ್ಟರಲ್ಲಿ ಅಜ್ಜಿಯ ದನಿ: "ಯಾವ ಪತ್ರಾನೂ ಬ್ಯಾಡ. ಕರಿಯವ್ವನೇ ಹೇಳೈತಲ್ಲ, ಒಂದು, ಮೂರು, ನಾಕು, ಎರಡು. ಒಂದು ಅಂದ್ರೆ ನಾನು. ಸರಿಯೋ ಆ ಕಡೆ!"

ಅಪ್ಪ ಬೆಪ್ಪಾಗಿ ಈಚೆ ಇಳಿದು ಆ ಕಡೆಯಿಂದ ಹತ್ತುವಷ್ಟರಲ್ಲಿ ಅಜ್ಜಿ ಸ್ಟಿಯರಿಂಗ್ ಮುಂದೆ ಜರುಗಿದ್ದರು. ಪೆಡಲಿಗೆ ಕಾಲು ಎಟುಕಲಿಲ್ಲ. ಕ್ಲಚ್ಚು, ಗೇರು, ಬ್ರೇಕು ಎಲ್ಲವನ್ನೂ ಅಪ್ಪನೇ ಅಡ್ಡಡ್ಡ ಬಗ್ಗಿ ನೋಡಿಕೊಂಡರು, ಅಜ್ಜಿಯ ಪಾಲಿಗೆ ಬಂದದ್ದು ಸ್ಟಿಯರಿಂಗ್ ಮತ್ತು ಹಾರನ್. ಹತ್ತು ಮಾರು ದೂರವೂ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಇಳಿದವರು, "ಸಾಕು. ಎತ್ತಿನ ಗಾಡೀನೇ ಕಷ್ಟ" ಎಂದರು.

ಆಮೇಲೆ ಮೂರು. ಅಮ್ಮ ಪತ್ರವನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಕೂತರು. ಅಪ್ಪ ಪಕ್ಕದಲ್ಲಿ ಕೂತು, "ಎಡಗಾಲಿಂದು ಕ್ಲಚ್ಚು, ಅದನ್ನ..." ಎಂದು ಶುರುಮಾಡುವಷ್ಟರಲ್ಲಿ ಕಾರು ಹೊರಟಿತ್ತು. ಗಕ್ಕನೆ ಹಾರಲಿಲ್ಲ, ನಡುಗಲಿಲ್ಲ, ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಒಂದನೇ ಗೇರು, ಎರಡನೇ ಗೇರು, ರಸ್ತೆಯ ಕೊನೆಯಲ್ಲಿ ಎಮ್ಮೆಗಳಿಗೊಂದು ಮೃದುವಾದ ಹಾರನ್. ಅಗಲವಾದ ಖಾಲಿ ಸೈಟಿನಲ್ಲಿ ಸುತ್ತು ಹೊಡೆದು, ವಾಪಸ್ಸು ಬಂದು, ನಮ್ಮ ಗೇಟಿನ ಮುಂದೆ ನಿಂತಿತು. ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು.

"ಎಲ್ಲಿ ಕಲಿತ್ಯೇ?"

"ಎರಡು ವರ್ಷದಿಂದ ಹಿಂದಿನ ಸೀಟಲ್ಲಿ ಕೂತು ನಿಮ್ಮ ಕಾಲೇ ನೋಡ್ತಾ ಇದ್ದೆನಲ್ಲ. ಹೊಲಿಗೆ ಮಿಷನ್ ತುಳಿಯೋ ಕಾಲಿಗೆ ಇದೇನು ಮಹಾ," ಎಂದರು ಅಮ್ಮ. ಮುಖ ಕೆಂಪೇರಿತ್ತು. ಅಮ್ಮ ಅಷ್ಟು ಚೆಂದವಿದ್ದಾರೆ ಎಂದು ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ.

ನಾಲ್ಕು, ಅಂದರೆ ನಾನು. ಪಾಯಿಂಟು, ಕಾಯಿಲು, ರೋಟರು ಎಲ್ಲವನ್ನೂ ಅರೆದು ಕುಡಿದವಳು! ಜಂಬದಿಂದ ಕೂತೆ, ಕ್ಲಚ್ಚು ಬಿಟ್ಟೆ. ಕರಿಯವ್ವ ಮೂರು ಸಲ ಕುಪ್ಪಳಿಸಿ, ಬಲಕ್ಕೆ ತಿರುಗಿ, ಅರ್ಧ ಮನೆಯೊಂದರ ಮುಂದೆ ಸುರಿದಿದ್ದ ಜಲ್ಲಿ ರಾಶಿಯನ್ನು ಹತ್ತಿ, ಮೂತಿಯನ್ನು ಆಕಾಶಕ್ಕೆ ಮಾಡಿ ನಿಂತಳು. ಕೊನೆಗೆ ಎರಡನೆಯವರೇ ಬಂದು ರಿವರ್ಸ್ ಹಾಕಿ ಇಳಿಸಬೇಕಾಯಿತು. ನಾಲ್ಕೂ ಸರಿಯಾಗಿ ಸಿಡಿದವು ಅನ್ನಿ.

ಮಧ್ಯಾಹ್ನದ ಮೇಲೆ ಎಲ್ಲರೂ ಬನಶಂಕರಿ ಕಡೆ ಬನ್ನಿ ಮರದ ಪೂಜೆಗೆ ಹೊರಟೆವು. ಅಪ್ಪನೇ ಓಡಿಸಿದರು. ಪತ್ರ ಇನ್ನೂ ನನ್ನ ಕೈಯಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ಅಮ್ಮನ ಕಿವಿಗೆ ಬಾಯಿಟ್ಟು, "ಆಸೆ ಇತ್ತು ಅಂತ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ? ನಾನು ಸುಮ್ನೆ ಬೈಕೊಂಡೆ" ಎಂದೆ.

ಅಮ್ಮ ಪತ್ರದ ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ಯಾರು ಕೇಳಿದ್ರು? 'ಇಚ್ಛೆ ಇರುವುದಿಲ್ಲ' ಅಂತ ಅವರೇ ಬರ್ದುಬಿಟ್ಟಿದ್ರಲ್ಲ. ಸುಳ್ಳಿಗೆ ಹೆಂಗೆ ಸೈನ್ ಹಾಕ್ಲಿ ಕಣೇ?"

ಎಂಜಿನ್ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ ಎಂದುಕೊಂಡಿದ್ದೆ. ಕನ್ನಡಿಯಲ್ಲಿ ಅವರ ಕಣ್ಣುಗಳು ಒಮ್ಮೆ ಹಿಂದಕ್ಕೆ ನೋಡಿ ಮತ್ತೆ ರಸ್ತೆಗೆ ಹೋದವು.

ಮರಕ್ಕೆ ಪೂಜೆಯಾದ ಮೇಲೆ ಬನ್ನಿಯ ಎಲೆಗಳನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಪ್ರತಿವರ್ಷ ಅಪ್ಪ ಮೊದಲು ಅಜ್ಜಿಗೆ ಕೊಟ್ಟು, ಎರಡನೆಯದನ್ನು ತಮ್ಮ ಜೇಬಿಗೆ ಹಾಕಿಕೊಂಡು, ಆಮೇಲೆ ಅಮ್ಮನಿಗೂ ನನಗೂ ಹಂಚುತ್ತಿದ್ದರು. ಆ ವರ್ಷವೂ ನಾಲ್ಕು ಎಲೆ ಕಿತ್ತುಕೊಂಡು ಬಂದು ನಮ್ಮ ಸಾಲಿನ ಮುಂದೆ ನಿಂತರು. ಅಜ್ಜಿಗೆ ಒಂದು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದರು. ಎರಡನೆಯ ಎಲೆಯನ್ನು ಹಿಡಿದ ಕೈ ಜೇಬಿನ ತನಕ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರು ಅದನ್ನು ಅಮ್ಮನ ಅಂಗೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗಿರೋಣ, ಶಾಂತಾ" ಎಂದರು. ಮೂರನೆಯದು ನನಗೆ.

ಉಳಿದ ಒಂದು ಎಲೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕಾರಿನ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು, ಅಪ್ಪ ಹಿಂದಿನ ಸೀಟಿನಲ್ಲಿ ಹೋಗಿ ಕೂತರು.